ಹತ್ತು ಗಜ

ಸರಪಳಿಯ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ಅಂಚೆ ಕಚೇರಿಯ ನಾರ್ಮನ್ ಕೈಯಲ್ಲಿ.
ನಡುವೆ ಹತ್ತು ಗಜ ಕೆಸರು.
ಭಾನುವಾರ, ಡರಮ್ ಸೀಮೆಯ ಗುಡ್ಡದ ಮೇಲೆ
ಗಾಳಿ ಕಿವಿಯಲ್ಲೇ ಮನೆ ಮಾಡಿದೆ.
ರಗ್ಬಿಯವರು ಬೇಡವೆಂದು ಬಿಟ್ಟ ಮೈದಾನ;
ಗೆರೆ ನಾವೇ ಎಳೆದದ್ದು. ಸುಣ್ಣ ಸಾಲದೆ
ಕೊನೆಯ ಇಪ್ಪತ್ತು ಗಜ
ನಂಬಿಕೆಯ ಮೇಲೆ ನಡೆಯುತ್ತದೆ.

ನೋಡುವವರು ಹದಿನಾಲ್ಕು ಜನ, ಒಂದು ನಾಯಿ.
ನಾಯಿ ಎದುರು ಪಕ್ಷದ್ದು.

ಅಪ್ಪ ಈ ಆಟ ಮೊದಲು ಕಂಡದ್ದು
ಉಕ್ಕಿನ ಕಾರ್ಖಾನೆ ಮುಚ್ಚಿದ ಮೂರನೆಯ ಚಳಿಗಾಲ.
ಕಾನ್ಸೆಟ್ಟಿನಲ್ಲಿ ಅಲ್ಲಿಯವರೆಗೆ
ಹರವಿದ ಬಟ್ಟೆಗೆಲ್ಲ ಕೆಂಪು ಧೂಳು ಕೂರುತ್ತಿತ್ತು.
ಆಮೇಲೆ ಹಾಳೆಯಷ್ಟು ಬೆಳ್ಳಗೆ ಒಣಗಿತು,
ಅಮ್ಮ ಅದನ್ನು ನೋಡಿಯೇ ಅತ್ತಳು.

ಟೀವಿಯಲ್ಲಿ ಹೊಸ ವಾಹಿನಿ.
ಹೆಗಲಿಗೆ ದಿಂಬು ತುರುಕಿಕೊಂಡ ದೈತ್ಯರು
ಒಂದು ಕ್ಷಣ ಢಿಕ್ಕಿ, ಆಮೇಲೆ ಸಭೆ.
ಮತ್ತೆ ಢಿಕ್ಕಿ, ಮತ್ತೆ ಸಭೆ.
"ಯೂನಿಯನ್ ಮೀಟಿಂಗಿನ ಹಾಗೇ ಇದೆ," ಎಂದ ಅಪ್ಪ,
"ಇವರು ಮಾತ್ರ ಸಭೆ ಮುಗಿಸಿ ಏನಾದರೂ ಮಾಡುತ್ತಾರೆ."

ಕತ್ಬರ್ಟ್ ಚಿಕ್ಕಪ್ಪನಿಗೆ ಮೈಯೆಲ್ಲ ಉರಿ.
ಕಾಲು ತಾಗದ ಆಟಕ್ಕೆ ಕಾಲ್ಚೆಂಡೆಂಬ ಹೆಸರೇ?
ಹಾಸಿಗೆ ಸುತ್ತಿಕೊಂಡ ಗಂಡಸರು!
ನಿಮಿಷ ಆಡಿ ಹತ್ತು ನಿಮಿಷ ಸುಧಾರಿಸಿಕೊಳ್ಳುವವರು!
ಅಪ್ಪ ತೆರೆಯಿಂದ ಕಣ್ಣು ಕೀಳದೆ ಹೇಳಿದ:
"ಹತ್ತು ಗಜ ದಾಟಲು ನಾಲ್ಕು ಯತ್ನ ಕೊಡುತ್ತಾರೆ, ಕತ್ಬರ್ಟ್.
ನಾಲ್ಕು.
ನಮಗೆ ಎಷ್ಟು ಕೊಟ್ಟರು?"

ಆರಿಸಿಕೊಂಡದ್ದು ಬಫಲೊ ತಂಡವನ್ನು.
ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ವರ್ಷಕ್ಕೊಂದು ರಾತ್ರಿ, ಕೊನೆಯ ಪಂದ್ಯಕ್ಕೆ,
ಬೀದಿಯೆಲ್ಲ ಮಲಗಿದ ಮೇಲೆ
ನಾವಿಬ್ಬರೇ, ಒಂದು ಕಂಬಳಿ, ಒಂದು ಕೆಟಲ್ ಚಹಾ.
ಧ್ವನಿ ಇಲ್ಲದ ಟೀವಿ, ಅಮ್ಮನಿಗೆ ಎಚ್ಚರವಾದೀತೆಂದು.
ಮೂರು ಗಂಟೆಗೆ ಕಿಟಕಿಯಾಚೆ ನೋಡಿದರೆ
ಕಣಿವೆಯ ಆ ಬದಿ ಇನ್ನೊಂದೇ ಕಿಟಕಿ ನೀಲಿ.
ಯಾರೋ ಕಾಯಿಲೆಯವರಿರಬೇಕು ಎಂದುಕೊಂಡೆ.
ಹದಿನೇಳು ವರ್ಷದ ಮೇಲೆ ಗೊತ್ತಾಯಿತು,
ಅದು ನಾರ್ಮನ್.

ಆ ತಂಡಗಳೇ ಲಂಡನ್ನಿಗೆ ಬಂದು ಆಡತೊಡಗಿದಾಗ
ಅಪ್ಪನಿಗೆ ಎಪ್ಪತ್ತು ದಾಟಿತ್ತು.
ಬಸ್ಸಿನಲ್ಲಿ ಆರು ಗಂಟೆ, ಮಡಿಲಲ್ಲಿ ಮೊಟ್ಟೆ ಸ್ಯಾಂಡ್‌ವಿಚ್.
ವೆಂಬ್ಲಿಯ ದಾರಿಯಲ್ಲಿ ನೇರಳೆ, ಕಿತ್ತಳೆ, ಹಸಿರು;
ಆಡುವವು ಎರಡೇ ತಂಡ,
ನಡೆಯುವವರ ಮೈಮೇಲೆ ಮೂವತ್ತೆರಡೂ.
ಯಾರೂ ಯಾರಿಗೂ ಬಾಟಲಿ ಎಸೆಯಲಿಲ್ಲ.
ಕುದುರೆ ಪೊಲೀಸರು ಆಕಳಿಸುತ್ತಿದ್ದರು,
ಕುದುರೆಗಳೂ.
ನ್ಯೂಕಾಸಲ್ ಪಂದ್ಯಗಳಲ್ಲಿ ಬೆಳೆದ ಅಪ್ಪ
ನಡುದಾರಿಯಲ್ಲಿ ತಬ್ಬಿಬ್ಬಾಗಿ ನಿಂತ:
"ಮಗಳೇ, ಇಲ್ಲಿ ನಾವು ಯಾರನ್ನು ದ್ವೇಷಿಸಬೇಕು?"

ಪಕ್ಕದ ಕುರ್ಚಿಯಲ್ಲಿ ಲೆಸ್ಟರಿನ ಒಬ್ಬ ದಂತವೈದ್ಯ,
ಮಯಾಮಿಯ ಅಂಗಿ, ಮೂಗಿನ ತುದಿಗೆ ಕನ್ನಡಕ.
"ನೀವು ಬಫಲೊ ಯಾಕೆ?" ಎಂದ.
ಅಪ್ಪ ಮೊದಲ ಅರ್ಧ ಪೂರ್ತಿ ಮಾತಾಡಿದ.
ಲೈಬ್ರರಿಯ ಪತ್ರಿಕೆಯಲ್ಲಿ ಓದಿದ್ದು,
ಆ ಊರಿನ ಪಕ್ಕವೂ ಕುಲುಮೆ ಆರಿಸಿದ್ದು,
ಅಲ್ಲಿಯೂ ಮಂಡಿಯುದ್ದ ಹಿಮ ಬೀಳುವುದು,
ಅಲ್ಲಿಯೂ ಯಾರೋ ಒಬ್ಬ ಈ ಹೊತ್ತು
ಕೆಲಸವಿಲ್ಲದ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು
ಟೀವಿ ನೋಡುತ್ತಿರಬಹುದೆಂದು.
ನಾನು ಆ ಊರಿನ ಹೆಸರನ್ನು
ಮೊದಲ ಸಲ ಎಂಬಂತೆ ಕೇಳಿದೆ.
ಯಾರು ಗೆದ್ದರೋ, ಮರೆತಿದ್ದೇನೆ.

ಈಗ ಪಬ್ಬಿನಲ್ಲಿ ಐದು ಪರದೆ, ರೆಕ್ಕೆ ಹುರಿದ ಕೋಳಿ.
ಕತ್ಬರ್ಟನ ಮೊಮ್ಮಗ ಇಲ್ಲೇ ನಮ್ಮ ತಂಡದಲ್ಲಿ
ಎರಡನೆಯ ಕೈಯ ಶಿರಸ್ತ್ರಾಣ ಹಾಕಿಕೊಂಡು
ಚೆಂಡನ್ನು ಹೊಟ್ಟೆಗೆ ಅವುಚಿ ನುಗ್ಗುತ್ತಿದ್ದಾನೆ.
ಮೂರು ಯತ್ನ ಮುಗಿಯಿತು. ಈ ಕೆಸರಿನಲ್ಲಿ
ಒಂದೊಂದು ಗಜವೂ ಆನೆಯೇ.

ಸೀಟಿ.
ಸರಪಳಿ ತರಲು ಕರೆದರು.
ನಾರ್ಮನ್ ಗೂಟ ಊರಿದ, ನಾನು ಜಗ್ಗಿದೆ,
ತುಕ್ಕಿನ ಕೊಂಡಿಗಳು ನೆಟ್ಟಗಾದವು.
ಹುಡುಗ ಮಂಡಿಯೂರಿ, ಉಸಿರು ಹೊಗೆಯಾಗಿ,
ನನ್ನ ಮುಖವನ್ನೇ ನೋಡುತ್ತಾನೆ.
ಚೆಂಡಿನ ಮೂಗು ಗೂಟಕ್ಕೆ
ಒಂದು ಕಿರುಬೆರಳು ಕಡಿಮೆ.

ನಾಯಿ ಬೊಗಳಿತು.
ನಾರ್ಮನ್ ಏನೂ ಹೇಳಲಿಲ್ಲ.
ಗೂಟ ಕಿತ್ತು, ಮುಖ ತಿರುಗಿಸಿ ನಡೆದೆವು,
ಸರಪಳಿಯನ್ನು ನೆಲಕ್ಕೆ ತಾಗದಂತೆ ಎತ್ತಿಕೊಂಡು,
ಇನ್ನು ಅವರ ಹತ್ತು ಗಜ ಅಳೆಯಲು.