ಹನ್ನೊಂದನೇ ಮರ

ಗುಬ್ಬಿ ರಸ್ತೆಯ ತೋಟ. ನಾಲ್ಕನೇ ಸಾಲು, ಹನ್ನೊಂದನೇ ತೆಂಗು.
ಬುಡದಿಂದ ಮೊಳ ಮೇಲೆ ಸೀಳು,
ಸೀಳಿನಿಂದ ಕಂದು ರಸ,
ಎಲೆಯಡಿಕೆ ಉಗಿದ ಹಾಗೆ.
ಓಬಳಮ್ಮ ಸೆರಗಿನಿಂದ ಒರೆಸುತ್ತಾಳೆ,
ಮಗುವಿನ ಮೂಗು ಒರೆಸಿದಂತೆ.
ಮತ್ತೆ ಜಿನುಗುತ್ತದೆ.

"ಇದೇನು ಡಾಕ್ಟ್ರಮ್ಮ, ನೆತ್ರಾ?"
ನಾನು ಆ ತರದ ಡಾಕ್ಟರಲ್ಲ ಅನ್ನುವುದನ್ನು
ಬಿಟ್ಟು ಹದಿನಾರು ವರ್ಷವಾಯಿತು.
ಅಣಬೆ ರೋಗ ಅಂದೆ.
ಅಣಬೆ ಎಲ್ಲೈತೆ, ತೋರ್ಸು ಅಂದಳು.
ಅದು ಕೊನೆಗೆ ಬರುತ್ತೆ ಓಬಳಮ್ಮ,
ಮರದ ಕಥೆ ಮುಗಿಯುವ ಹೊತ್ತಿಗೆ, ಬುಡದಲ್ಲಿ,
ವಾರ್ನಿಷ್ ಬಳಿದ ಹಾಗೆ ಮಿರಮಿರ ಮಿಂಚುತ್ತ.
"ಹಂಗಾದ್ರೆ ತಿಥಿಗೆ ಬರೋ ನೆಂಟ."
ಬರೆದುಕೊಂಡೆ. ಪ್ರಬಂಧದಲ್ಲಿ ಹಾಕಲಾಗಲಿಲ್ಲ.

ದೇವರಾಯನದುರ್ಗದ ಕಾಡಿಗೆ ಮಣ್ಣು ತರಲು ಹೋದೆ.
ಎರಡು ಹದ ಮಳೆ ಬಿದ್ದು ನೆಲ ಇನ್ನೂ ಬೆಚ್ಚಗಿತ್ತು.
ಮುಂದೆ ಕಾವಲುಗಾರ ಮೂಡ್ಲಗಿರಿಯಪ್ಪ,
ಹಿಂದೆ ನಾನು: ಸ್ಪಿರಿಟ್ಟು, ಚಮಚ, ನಂಬರು ಹಾಕಿದ ಕವರು.
ಅವನು ದೊಣ್ಣೆಯಿಂದ ತರಗು ಸರಿಸುತ್ತಾನೆ,
ನಾನು ಮಂಡಿಯೂರುತ್ತೇನೆ.
ದೂರದಿಂದ ಕಂಡವರು
ಇವರ ಮೂಗುಬೊಟ್ಟು ಬಿದ್ದಿದೆ ಅನ್ನಬೇಕು.
ಕೊಳೆತ ಎಲೆಯಡಿ ಬಿಳಿ ಎಳೆ,
ರೇಷ್ಮೆಗಿಂತ ಸಣ್ಣ,
ಮುಟ್ಟಿದರೆ ಇಲ್ಲ.

ಮುದಿ ಜಾಲಾರಿಯೊಂದರ ಬುಡ, ಅರ್ಧ ಟೊಳ್ಳು.
ಅಲ್ಲಿ ಅದೇ ಕೆಂಪು ವಾರ್ನಿಷ್, ಅದೇ ನೆಂಟ,
ಊಟದ ತಟ್ಟೆಯಗಲ.
"ನಿಮ್ಮ ರೋಗ ಇಲ್ಲೂ ಐತಲ್ಲ ಮೇಡಂ.
ಮತ್ತೆ ಈ ಕಾಡು ಯಾಕೆ ಸತ್ತಿಲ್ಲ?"

ಉತ್ತರ ಇತ್ತು ನನ್ನಲ್ಲಿ. ಮೂರು ಪುಟ.
ಶುರುಮಾಡಿದೆ: ಬೇರೆ ಬೇರೆ ಜಾತಿ, ಬೇರೆ ಬೇರೆ ವಯಸ್ಸು,
ಬೇರಿಗೆ ಬೇರು ತಾಗುವ ದೂರ...
ಅವನು ಬೀಡಿಯನ್ನು ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡು
ಆಗಲೇ ತಿರುವು ದಾಟಿದ್ದ.
ಕವರಿನ ಮೇಲೆ ಬರೆದೆ:
ಜಾಲಾರಿ, ಬುಡ, ಮೂರಿಂಚು ಆಳ. ಮಾದರಿ ನಲವತ್ತೇಳು.

ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಆಲೂಗಡ್ಡೆಯ ಗಂಜಿ.
ಎಡಗಡೆ ಓಬಳಮ್ಮನ ಮರದ್ದು,
ಬಲಗಡೆ ಕಾಡಿನ ನಲವತ್ತೇಳು.
ಮೊದಲ ದಿನ ಏನಿಲ್ಲ.
ಮಾರನೇ ದಿನ ಎರಡೂ ಬೆಳ್ಳಗೆ, ಯಾವುದು ಯಾವುದೋ.
ಗುರುವಾರ ಎಂಟು ತಾಸು ಕರೆಂಟಿಲ್ಲ. ಆಸೆ ಬಿಟ್ಟು,
ಪೆಟ್ಟಿಗೆಗೆ ಒದ್ದೆ ಟವೆಲ್ಲು ಹೊದಿಸಿ ಮನೆಗೆ ಹೋದೆ.
ಶನಿವಾರ ನೋಡಿದರೆ
ಬಲಗಡೆಯದು ಹಸಿರಾಗಿತ್ತು,
ಅಡುಗೆಮನೆಯಲ್ಲಾದರೆ ಮೂಗು ಮುಚ್ಚಿ ಎಸೆಯುವ ಹಸಿರು,
ನಡುಗೆರೆ ದಾಟಿ
ಬಿಳಿಯದರ ಮೇಲೆ ಹತ್ತಿ ಕೂತಿತ್ತು.
ಸೂಕ್ಷ್ಮದರ್ಶಕದಡಿ ಎಳೆಗೆ ಎಳೆ ಸುತ್ತಿಕೊಂಡಿತ್ತು,
ಅಕ್ಕಡಿ ಸಾಲಿನ ಅವರೆ ಬಳ್ಳಿ
ಜೋಳದ ದಂಟಿಗೆ ಸುತ್ತಿದ ಹಾಗೆ,
ಅಷ್ಟೇ ನಿಧಾನ, ಅಷ್ಟೇ ಮರ್ಯಾದೆ.
ತಿನ್ನುತ್ತಿತ್ತು.

ಯಾರನ್ನಾದರೂ ಕೂಗಬೇಕೆನಿಸಿತು.
ಕಾರಿಡಾರು ಒರೆಸುತ್ತಿದ್ದ ನಸೀಬುನ್ನಿಸಾ ಬಂದು
ಒಂದು ಕಣ್ಣು ಮುಚ್ಚಿ ನೋಡಿ
"ಬೂಷ್ಟು" ಅಂದಳು.
ಪುಸ್ತಕದ ಹೆಸರನ್ನು ಬಿಡಿಸಿದರೆ ಕೂದಲ ಚರ್ಮ ಎಂದಾಗುತ್ತದೆ.
ಬೂಷ್ಟು ಎಷ್ಟೋ ವಾಸಿ.

ಬೇವಿನ ಹಿಂಡಿಯಲ್ಲಿ ಕಲೆಸಿ, ಗೋಣಿಚೀಲದಲ್ಲಿ ಹೊತ್ತು
ಗುಬ್ಬಿ ಬಸ್ಸು ಹತ್ತಿದೆ.
ಹನ್ನೊಂದಕ್ಕಲ್ಲ, ಅದರ ಕಾಲ ಮುಗಿದಿತ್ತು.
ಸುತ್ತ ಕಂದಕ ತೋಡಿಸಿ
ಹತ್ತಕ್ಕೆ, ಹನ್ನೆರಡಕ್ಕೆ, ಹಿಂದಿನ ಸಾಲಿಗೆ ಹಾಕಿದೆ.
ಗರಗಸದವರು ಬಂದಾಗ ಓಬಳಮ್ಮ ಮುಖ ತಿರುಗಿಸಲಿಲ್ಲ,
ಕಾಂಡಕ್ಕೆಷ್ಟು, ಗರಿಗೆಷ್ಟು ಅಂತ ಚೌಕಾಸಿ ಮಾಡಿದಳು.
ಆಮೇಲೆ ಹಿಂಡಿ ಮೂಸಿ ನೋಡಿ
"ಇದೂ ಅಣಬೆ ಜಾತಿನೇನಾ?"
ಹೂಂ.
"ಇದು ಯಾವ ಕಡೆ ನೆಂಟ?"

ಎರಡು ಮಳೆಗಾಲ ಕಳೆದಿವೆ. ಹತ್ತು ನಿಂತಿದೆ.
ಹನ್ನೆರಡು ಒಂದು ಗರಿ ಜೋತುಬಿಟ್ಟಿದೆ,
ಗಾಳಿಗೋ ಏನೋ, ಈಗಲೇ ಬರೆಯಲಾರೆ.
ಹನ್ನೊಂದರ ಗುಂಡಿಯ ಸುತ್ತ, ನನ್ನನ್ನು ಕೇಳದೆ,
ನುಗ್ಗೆ, ಕರಿಬೇವು, ಎರಡು ಬಾಳೆ,
ಯಾರೋ ಕೊಟ್ಟ ಸಪೋಟ ಹಾಕಿದ್ದಾಳೆ.
ಸಾಲಿಲ್ಲ, ಅಳತೆಯಿಲ್ಲ.
ಮೂಡ್ಲಗಿರಿಯಪ್ಪನನ್ನು ಒಂದು ಸಲ ಕರೆತರಬೇಕು.