ಮೊದಲ ಆಯ್ಕೆ

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿಯ ಮಹಡಿಯಲ್ಲಿ
ನವಾಸನ ಸೈಬರು. ಇರುವುದೊಂದೇ ಸ್ಟೂಲು.
ನಾನು ಕೂತೆ, ಅವ್ವ ನಿಂತಳು,
ಸೀರೆಯ ಮೇಲೆ ಹಾಕಿದ್ದ ಗಂಡಸರ ಶರ್ಟಿನ ಜೇಬಿನಲ್ಲಿ
ನನ್ನ ಅಂಕಪಟ್ಟಿ ನಾಲ್ಕು ಮಡಿಕೆಯಾಗಿ.

ಹೆಸರು, ಜಾತಿ, ಆದಾಯ, ಅಂಕ
ಎಲ್ಲ ಸರಸರ ಇಳಿದು
ಒಂದು ಖಾಲಿ ಚೌಕದ ಮುಂದೆ ಬಾಣ ನಿಂತಿತು.
ಹಾಸ್ಟೆಲು: ಮೊದಲ ಆಯ್ಕೆ, ಎರಡನೆಯದು, ಮೂರನೆಯದು.

ಹನ್ನೊಂದು ಹಾಸ್ಟೆಲಂತೆ ಅಲ್ಲಿ.
ಒಂದೊಂದಕ್ಕೂ ಒಂದೊಂದು ಹೊಳೆಯ ಹೆಸರು.
'ಕಾವೇರಿ ಹಾಕು, ನಿಮ್ಮದೇ ಅಲ್ವಾ' ಎಂದ ನವಾಸ.
ನಮ್ಮದೇ. ಕರಡಿಗೋಡಿನಲ್ಲಿ ಚಿಕ್ಕಮ್ಮನ ಅಡುಗೆಮನೆಗೆ
ಕೇಳದೆ ನುಗ್ಗಿ, ಪಾತ್ರೆ ಪಗಡಿ ಹೊತ್ತುಕೊಂಡು ಹೋಗುವಷ್ಟು ನಮ್ಮದು.
ಬೇಡ ಅಂದೆ.

'ಎಲ್ಲಿರಬೇಕು ಅಂತ
ನಿನ್ನನ್ನೇ ಕೇಳ್ತಾರಾ?'
ಅವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

ಅವಳನ್ನು ಯಾರೂ ಕೇಳಿರಲಿಲ್ಲ.
ಮದುವೆಯ ಮರುದಿನ ರೈಟರು ಪೂವಯ್ಯ
ಪುಸ್ತಕ ತೆರೆದು, ಆಳು ಎರಡು ಎಂದು ಬರೆದು,
ಲೈನು ಮೂರು, ನಂಬ್ರ ಏಳು ಎಂದು ಬೀಗ ಎಸೆದಿದ್ದರಂತೆ.
ಬೀಗಕ್ಕೆ ಕೀ ಇರಲಿಲ್ಲ. ಈಗಲೂ ಇಲ್ಲ.

'ಕಕ್ಕಸು ಒಳಗಾ ಹೊರಗಾ ಕೇಳು.'
ಒಳಗೆ.
'ಆನೆ?'
ನವಾಸ ನಕ್ಕ. ನಾನು ನಗಲಿಲ್ಲ.
ಹಲಸು ಹಣ್ಣಾಗುವ ತಿಂಗಳಲ್ಲಿ ಕತ್ತಲಾದ ಮೇಲೆ
ನಮ್ಮ ಲೈನಿನಲ್ಲಿ ಬಾಗಿಲು ತೆರೆಯುವಂತಿಲ್ಲ.
ಮೂಲೆಯ ಪೇಂಟ್ ಡಬ್ಬಿಯೇ ಗತಿ,
ತಮ್ಮ ಗೋಡೆಗೆ ಮುಖ ಮಾಡಿ ಲೆಕ್ಕ ಎಣಿಸಬೇಕು.

ಪಾಲಿಬೆಟ್ಟದ ರಜಿನಿ, ಅಲ್ಲೇ ಎರಡನೇ ವರ್ಷ,
ಫೋನಿನಲ್ಲಿ ಪಾಠ ಹೇಳಿದಳು:
ತುಂಗಾ ಬೇಡ, ನೀರು ಮೇಲಿನ ಮಾಳಿಗೆಗೆ ಹತ್ತುವುದಿಲ್ಲ.
ಹೇಮಾವತಿಯಿಂದ ಲೈಬ್ರರಿ ಹತ್ತಿರ, ಊಟ ದೂರ.
ಲಕ್ಷ್ಮಣತೀರ್ಥ ಹಳೆಯದು, ರೂಮಿಗೆ ಆರು ಮಂದಿ,
ಸಾರು ಮಾತ್ರ ಸಾರಿನ ಹಾಗಿರುತ್ತದೆ.
ಮೊದಲ ದಿನವೇ ಕಿಟಕಿಯ ಮಂಚ ಹಿಡಿ.
ಊರು ಕೇಳಿದರೆ ಕೊಡಗು ಅನ್ನು, ಅಲ್ಲಿಗೇ ನಿಲ್ಲಿಸು.
ಎಸ್ಟೇಟಿನವಳು ಅಂದುಕೊಳ್ಳುತ್ತಾರೆ.

ಎಸ್ಟೇಟಿನವಳೇ.
ಸುಳ್ಳೇನು ಬಂತು ಅದರಲ್ಲಿ.

ಕೊನೆಗೊಂದು ಚಿತ್ರ ಸಿಕ್ಕಿತು: ನೇತ್ರಾವತಿ.
ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ,
ಕುರ್ಚಿಯ ಬೆನ್ನಿಗೆ ಯಾರದೋ ಟವೆಲು.
ಗೋಡೆ ನೆಟ್ಟಗೆ ಹೋಗಿ ಚಾವಣಿಯನ್ನು ಮುಟ್ಟುತ್ತದೆ.
ಎಷ್ಟೋ ಹೊತ್ತು ಅದನ್ನೇ ನೋಡಿದೆ,
ಗೋಡೆ ಮುಟ್ಟುವ ಆ ಜಾಗವನ್ನು.

'ಅದು ಸಿಗಲ್ಲ. ಪಿಎಚ್‌ಡಿ ಮಾಡೋರಿಗೆ' ಎಂದ ನವಾಸ,
ಕೆಳಗಿನ ಸಣ್ಣಕ್ಷರ ಓದಿ.
'ಬರಿ,' ಎಂದಳು ಅವ್ವ. 'ಬರೆಯೋದಕ್ಕೇನು ಬಾಡಿಗೆಯಾ?'
ಬರೆದೆ. ಮೊದಲ ಆಯ್ಕೆ ನೇತ್ರಾವತಿ,
ಎರಡನೆಯದು ಹೇಮಾವತಿ,
ಮೂರನೆಯದು, ಸಿಗುವಂಥದ್ದು, ಲಕ್ಷ್ಮಣತೀರ್ಥ.
ಫಾರ್ಮಿಗೆ ಅರವತ್ತು, ಪ್ರಿಂಟಿಗೆ ಹತ್ತು.
ಶರ್ಟಿನ ಜೇಬಿನಿಂದ ಅವ್ವ ಎಣಿಸಿ ಕೊಟ್ಟಳು,
ಕಾಫಿ ಕೊಯ್ಲಿನ ಬೋನಸ್ಸಿನಲ್ಲಿ ಉಳಿದ ನೋಟು,
ಇನ್ನೂ ಸೊನೆಯ ವಾಸನೆ.

ರಾತ್ರಿ ಕರೆಂಟು ಹೋಯಿತು.
ನಮ್ಮ ಲೈನಿನ ಅಡ್ಡಗೋಡೆಗಳು ಮಾಡು ಮುಟ್ಟುವುದಿಲ್ಲ,
ಎರಡು ಮೊಳ ಬಿಟ್ಟು ನಿಲ್ಲುತ್ತವೆ.
ಆ ಸಂದಿನಿಂದ ಎಂಟನೇ ನಂಬ್ರದ ಸೆಲ್ವಿಯಕ್ಕ
ಕೇಳುವ ಮೊದಲೇ ಬೆಂಕಿಪೊಟ್ಟಣ ಎಸೆದಳು.
ಚಿಮಣಿ ಹೊತ್ತಿತು. ಆರನೇ ನಂಬ್ರದ ಮಗು ಅಳು ನಿಲ್ಲಿಸಿತು,
ನಮ್ಮ ಬೆಳಕಿಗೆ.

ಚಾಪೆಯ ಮೇಲೆ ಹೊರಳಿ ಅವ್ವ ಕೇಳಿದಳು:
'ಅಲ್ಲಿ ಗೋಡೆ ಮಾಡಿನವರೆಗೂ ಹೋಗ್ತದಾ?'
ಹೋಗ್ತದೆ.
'ಮತ್ತೆ ನಿಂಗೆ ಜ್ವರ ಬಂದ್ರೆ
ಪಕ್ಕದವರಿಗೆ ಹೆಂಗೆ ಗೊತ್ತಾಗ್ತದೆ?'

ನಾನು ಬಾಯಿ ತೆರೆಯುವುದರೊಳಗೆ
ಗೋಡೆಯ ಮೇಲಿಂದ, ನಿದ್ದೆಗಣ್ಣಿನ ಸೆಲ್ವಿಯಕ್ಕ:
'ಬಾಗಿಲು ತಟ್ಟಬೇಕು ಕಣೇ. ಅಲ್ಲೆಲ್ಲ
ಬಾಗಿಲು ತಟ್ಟಬೇಕು.'