ಕುತ್ತಿಗೆಯಿಂದ ಮೇಲೆ

ಹೋದ ತಿಂಗಳು ನಾನೇ ಹೇಳಿದ್ದು:
ಕುತ್ತಿಗೆಯಿಂದ ಕೆಳಗೆ, ಉಗುರ ಸಂದಿಯವರೆಗೆ,
ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಿರಿ.
ಪೊಲಿಬೆಟ್ಟದಾಚೆಯ ಲೈನ್ ಮನೆ, ಕೊನೆಯ ಬಾಗಿಲು,
ಐದು ಜನ, ಎರಡು ಕಂಬಳಿ.

ಚುಬ್ರನಿಗೆ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ,
ಮತ್ತೆ, ಗೋಡೆ ನೋಡಿಕೊಂಡು ಹೇಳಿದ,
ಉಡಿದಾರದ ಕೆಳಗೆ.
ಪಾಲಿಗೆ ಎದೆಯ ಸುತ್ತ. ಅದನ್ನವಳು ಹೇಳಲಿಲ್ಲ,
ಹಾಲೂಡಿಸುವಾಗ ಕಂಡೆ.
ದೊಡ್ಡವರ ಕಜ್ಜಿ ಹಾಗೆಯೇ,
ಬಟ್ಟೆ ಮುಚ್ಚುವ ಜಾಗ ನೋಡಿಕೊಳ್ಳುತ್ತದೆ.
ಹಗಲು ಹಣ್ಣು ಕೊಯ್ಯುವ ಕೈಗೆ ಪುರುಸೊತ್ತಿಲ್ಲ;
ದೀಪ ಆರಿದ ಮೇಲೆ ನಾಲ್ಕು ಮೈ ಕೆರೆಯುವ ಸದ್ದು,
ಕಣದಲ್ಲಿ ಒಣಕಾಫಿ ಹರಗಿದ ಹಾಗೆ.

ಐದನೆಯದು ಏಳು ತಿಂಗಳಿನದು.
ಅದಕ್ಕೆ ಕೆರೆಯಲು ಬರುವುದಿಲ್ಲ.
ಹಾಲು ಬಿಡುತ್ತದೆ, ಬೆನ್ನು ಚಾಪೆಗೆ ಉಜ್ಜುತ್ತದೆ,
ನಿದ್ದೆಯಲ್ಲಿ ಕಾಲಿಗೆ ಕಾಲು ತಿಕ್ಕುತ್ತದೆ.
ಹಲ್ಲು ಬರುತ್ತಿದೆ ಅಂದಳು ಅಜ್ಜಿ.
ದೃಷ್ಟಿ, ಅಂತು ಪಕ್ಕದ ಬಾಗಿಲು.
ನಾನೂ ಬೆವರುಗುಳ್ಳೆ ಅಂದುಕೊಂಡಿದ್ದೆ,
ಡಿಸೆಂಬರಿನಲ್ಲಿ, ಸ್ವೆಟರ್ ಹಾಕಿಕೊಂಡು.

ಇವತ್ತು ಪಾದ ತಿರುಗಿಸಿದೆ.
ಇನ್ನೂ ನೆಲ ಕಾಣದ ಪಾದ.
ಅಂಗಾಲ ತುಂಬ ಸಾಬಕ್ಕಿಯಂಥ ನೀರುಗುಳ್ಳೆ,
ಅಂಗೈಯಲ್ಲಿ ಗೀರು, ಪೆನ್ಸಿಲ್ ತುದಿ ಜಾರಿದಷ್ಟು,
ಕಿವಿಯ ಹಿಂದೆ, ಗಲ್ಲದಲ್ಲಿ, ನೆತ್ತಿಯ ಎಳೆಗೂದಲ ಬುಡದಲ್ಲಿ ಕೂಡ.
ನಮ್ಮಲ್ಲಿ ಕುತ್ತಿಗೆಯ ಹತ್ತಿರ ನಿಂತುಬಿಡುವ ಹುಳ
ಇಲ್ಲಿ ನಿಲ್ಲದೆ ಮೇಲೇರಿದೆ.

ಪಾಲಿ ಟ್ಯೂಬು ತಂದು ತೋರಿಸಿದಳು,
ಬಾಲದಿಂದ ಮಡಚಿ ಮಡಚಿ ಹಿಂಡಿದ್ದು.
‘ನೀವು ಹೇಳಿದ ಹಾಗೇ ಸಿಸ್ಟರೇ,
ಕುತ್ತಿಗೆಯಿಂದ ಮೇಲೆ ಒಂದು ಚೂರೂ ಮುಟ್ಟಿಸಿಲ್ಲ.’
ತಪ್ಪು ನನ್ನದು ಅಂದೆ.
ಅರ್ಥವಾಗಲಿಲ್ಲವೋ,
ಸಿಸ್ಟರುಗಳು ಹಾಗೆಲ್ಲ ಅನ್ನುವುದಿಲ್ಲವೆಂದೋ,
ನಕ್ಕಳು.

ಕಂಬಳಿ ಬಿಸಿನೀರಿಗೆ ಹಾಕಬೇಕು, ಒಣಗಿಸಬೇಕು.
ಬಿಸಿಲೆಲ್ಲ ಕಣದಲ್ಲಿ, ಕಾಫಿಯ ಮೇಲೆ.
‘ಬೀಜಕ್ಕೆ ವಾಸನೆ ಹಿಡಿದೀತು’ ಎಂದರು ರೈಟರ್ ಮುದ್ದಯ್ಯ,
ಮಣಿಕಟ್ಟು ಕೆರೆದುಕೊಳ್ಳುತ್ತ.
ನನ್ನ ಕಣ್ಣು ಅಲ್ಲೇ ನಿಂತಿತು.
ಅವರು ಕೈ ಜೇಬಿಗಿಟ್ಟರು.
ಕಣದ ಒಂದು ಮೂಲೆ ಸಿಕ್ಕಿತು.

ರಿಜಿಸ್ಟರಿನಲ್ಲಿ ಬರೆದೆ: ಬರುವ ವಾರ ಇನ್ನೊಮ್ಮೆ, ಮನೆಮಂದಿಗೆಲ್ಲ.
ಮಗುವಿಗೆ ಬೇರೆ ಸಾಲು.

ಸಂಜೆ ನೆತ್ತಿಯಿಂದಲೇ ಶುರುಮಾಡಿದೆ,
ಕಣ್ಣು ಬಾಯಿ ತಪ್ಪಿಸಿ, ಕಿವಿಯ ಮಡಿಕೆಗೆ, ಕಂಕುಳಿಗೆ,
ಎರೆಯುವ ಮೊದಲು ಎಣ್ಣೆ ಹಚ್ಚುವ ಹಾಗೆ ಅಂಗಾಲಿಗೆ.
ಕೈ ಚೀಪದಿರಲೆಂದು
ಒಂದು ಜೊತೆ ಹೊಸ ಕಾಲುಚೀಲ ಕೈಗೆ ತೊಡಿಸಿದೆವು.
ಮಗು ಅವನ್ನೇ ನೋಡಿತು ಬಹಳ ಹೊತ್ತು,
ಇದು ಯಾರ ಕೈ ಎಂಬಂತೆ.